ಸುಣ್ಣದ ಗುಳಿಗೆ

ಹೊನ್ನೇಶ ಸಾಯಲಿ ಎಂದು ನಾನು ಯಾವ ದೇವರಲ್ಲೂ ಬೇಡಿಕೊಂಡಿಲ್ಲ. ಸತ್ತವನು ಮಾತಾಡುವುದಿಲ್ಲ. ನನಗೆ ಅವನ ಬಾಯಿಂದ ಒಂದೇ ಒಂದು ಮಾತು ಬೇಕಾಗಿತ್ತು, ಅದೂ ನಾಲ್ಕು ಜನರ ಎದುರಿಗೆ: ‘ನಾನು ಸುಳ್ಳು ಹೇಳಿದ್ದೆ.’ ಅಷ್ಟು ಕೇಳಿಸಿಕೊಳ್ಳುವತನಕ ನನ್ನ ಹೊಟ್ಟೆಯ ಉರಿ ಆರುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಅಮೃತವ್ವ. ಬೆಟಗೇರಿಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ನಾನೂ ಪಕ್ಕದ ಮನೆಯ ಲಾಲಬಿಯೂ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತರೆ ಓಣಿಯ ಮಂದಿಗೆ ಬೇರೆ ಗಡಿಯಾರ ಬೇಕಿಲ್ಲ. ನನ್ನ ಗಂಡ ಫಕೀರೇಶ ಆಟೋ ಓಡಿಸುತ್ತಿದ್ದ. ಓಡಿಸುತ್ತಿದ್ದ ಎಂದೇ ಹೇಳಬೇಕು. ಈಗ ಅವನ ಬಲಗೈ ತೊಡೆಯ ಮೇಲೆ ಯಾರೋ ಮರೆತು ಹೋದ ಸಾಮಾನಿನಂತೆ ಬಿದ್ದಿರುತ್ತದೆ. ಮಾತು ಬಾಯಿಯ ಒಂದು ಮೂಲೆಯಿಂದ ಅರ್ಧರ್ಧ ಹೊರಬರುತ್ತದೆ. ಆಟೋ ಸ್ಟ್ಯಾಂಡಿನಲ್ಲಿ ಅವನಷ್ಟು ಮಾತಿನ ಮಲ್ಲ ಇನ್ನೊಬ್ಬನಿರಲಿಲ್ಲ.

ಹೊನ್ನೇಶನ ಔಷಧದ ಅಂಗಡಿ ನಮ್ಮ ಓಣಿಯ ತುದಿಗೇ ಇದೆ, ಒಂದು ದವಾಖಾನೆಯ ಮಗ್ಗುಲಿಗೆ. ಆ ದವಾಖಾನೆಗೆ ಹರ್ತಿಯಿಂದ ಹಿಡಿದು ಮುಂಡರಗಿಯತನಕದ ಮಂದಿ ಬರುತ್ತಾರೆ. ಅಲ್ಲಿನ ಡಾಕ್ಟರು ಬರೆಯುವ ಕಂಪನಿಯ ಗುಳಿಗೆ ಹೊನ್ನೇಶನಲ್ಲಿ ಬಿಟ್ಟರೆ ಊರಲ್ಲಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಅದು ಹೇಗೆ ಎಂದು ಕೇಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ. ಹೊನ್ನೇಶ ಎಲ್ಲರನ್ನೂ ಅಕ್ಕಾ, ಅಣ್ಣಾ ಎಂದು ಕರೆಯುತ್ತಿದ್ದ. ಅಕ್ಕಾ ಎಂದು ಕರೆದವನ ಅಂಗಡಿಯಲ್ಲಿ ಯಾರು ಲೆಕ್ಕ ಕೇಳುತ್ತಾರೆ?

ಫಕೀರೇಶನಿಗೆ ಬಿಪಿ ಇತ್ತು. ದಿನಕ್ಕೊಂದು ಗುಳಿಗೆ, ಬದುಕಿರುವತನಕ. ಒಂದು ವರ್ಷ ಹೇಗೋ ನಡೆಸಿದೆವು. ಜೋಳ ತುಟ್ಟಿಯಾದ ಮೇಲೆ ಕೈ ಬಿಗಿಯಾಯಿತು. ಒಂದು ಸಂತೆಯ ದಿನ ಅಂಗಡಿ ತುಂಬ ಜನ ಇರುವಾಗ ನಾನು ಧೈರ್ಯ ಮಾಡಿ ಕೇಳಿದೆ.

“ಹೊನ್ನೇಶ, ಇದರಾಗ ಅಗ್ಗದ್ದು ಇಲ್ಲೇನಪಾ? ಸ್ಟೇಷನ್ ಕಡೆ ಜೆನೆರಿಕ್ ಔಷಧದ ಅಂಗಡಿ ಆಗೇತಂತ. ಅಲ್ಲಿ ಭಾಳ ಕಡಿಮಿಗೆ ಸಿಗತಾವಂತ.”

ಅವನು ನಕ್ಕ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, ಎಲ್ಲರಿಗೂ ಕೇಳಿಸುವಂತೆ ಹೇಳಿದ.

“ಅಮೃತಕ್ಕಾ, ಅವು ಗುಳಿಗಿ ಅಲ್ರಿ, ಸುಣ್ಣದ ಉಂಡಿ. ಸುಣ್ಣಾ ಬೇಕಂದ್ರ ಅಲ್ಲಿ ಹೋಗ್ರಿ, ಔಷಧಾ ಬೇಕಂದ್ರ ಇಲ್ಲಿ ಬರ್ರಿ. ಗಂಡನ ಜೀವಾ ಬೇಕೋ, ರೊಕ್ಕಾ ಬೇಕೋ, ನೀವ ಹೇಳ್ರಿ.”

ನಿಂತವರೆಲ್ಲ ನನ್ನ ಮುಖ ನೋಡಿದರು. ಗಂಡನ ಜೀವದಲ್ಲಿ ಚೌಕಾಸಿ ಮಾಡುವ ಹೆಂಗಸು ಎಂದು ನೋಡಿದರು. ನಾನು ತಲೆ ತಗ್ಗಿಸಿ ಅವನದೇ ಗುಳಿಗೆ ಕೊಂಡು ಮನೆಗೆ ಬಂದೆ.

ಅವತ್ತು ಸಂಜೆ ಫಕೀರೇಶ ಎಲೆ ಅಡಿಕೆಯ ತಾಟು ಎಳೆದುಕೊಂಡು ಕೂತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, ಅಡಿಕೆ ಕತ್ತರಿಸುವ ಅಡಕೊತ್ತಿನ ಬಾಯಿಗೆ ಗುಳಿಗೆ ಇಟ್ಟು ಟಕ್ಕೆಂದು ಎರಡು ಮಾಡಿದ. “ಅರ್ಧ ಅಡಿಕಿ ಹಾಕ್ಕೊಂಡ್ರೂ ಬಾಯಿ ಕೆಂಪಾಕ್ಕೈತಿ. ಅರ್ಧ ಗುಳಿಗಿ ಸಾಲಂಗಿಲ್ಲೇನು?” ಎಂದು ನಕ್ಕ. ನಾನೂ ನಕ್ಕೆ. ಅಂದಿನಿಂದ ತಿಂಗಳ ಗುಳಿಗೆ ಎರಡು ತಿಂಗಳು ಬಂತು. ಅಡಿಕೆ ಪುಡಿ ಮೆತ್ತಿದ ಅರ್ಧ ಗುಳಿಗೆಯನ್ನು ಅವನು ಎಲೆಯ ಜೊತೆಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಆಟೋ ಸ್ಟ್ಯಾಂಡಿನಲ್ಲಿ, ಯಾರನ್ನೋ ನಗಿಸುತ್ತಾ ನಗಿಸುತ್ತಾ, ಬಿದ್ದ. ನಗಿಸುತ್ತಿದ್ದಾನೆ ಎಂದೇ ಎಲ್ಲರೂ ತಿಳಿದಿದ್ದರಂತೆ.

ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಕೇಳಿದಳು. “ಅರ್ಧಾ ಯಾಕ ಕೊಟ್ರಿ? ತುಟ್ಟಿ ಆದ್ರ ಇದರಾಗ ಕಡಿಮಿ ದರದ್ದು ಇತ್ತಲ್ರಿ. ಪೂರ್ತಿ ತಗೊಂಡಿದ್ರ ಇಷ್ಟಕ್ಕ ಬರತಿರಲಿಲ್ಲೇನೋ.” ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಟಿಯ ಮೇಲೆ ಕಂಪನಿಯ ಹೆಸರಿಲ್ಲದೆ ಬರೀ ಔಷಧದ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಕೊಟ್ಟಳು.

ವಾರಕ್ಕೊಮ್ಮೆ ನಾನು ಲಕ್ಷ್ಮೇಶ್ವರದ ಒಂದು ಖಾನಾವಳಿಗೆ ರೊಟ್ಟಿ ಒಯ್ದು ಕೊಡುತ್ತೇನೆ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಜೆನೆರಿಕ್ ಔಷಧದ ಅಂಗಡಿಯಿದೆ. ನೋಡಿಕೊಳ್ಳುವವಳು ಕೈನಾತ ಎಂಬ ಹುಡುಗಿ, ಔಷಧದ ಓದು ಓದಿದವಳು. ಚೀಟಿ ನೋಡಿ ಗುಳಿಗೆ ತೆಗೆದಿಟ್ಟಳು. ನಾನು ಕೈ ಹಚ್ಚಲಿಲ್ಲ.

“ಇವು ಸುಣ್ಣ ಅಂತಾರಲ್ಲ,” ಎಂದೆ.

ಅವಳು ನನ್ನ ಚೀಲದಲ್ಲಿದ್ದ ಹೊನ್ನೇಶನ ಅಂಗಡಿಯ ಹಳೆಯ ಗುಳಿಗೆಯ ಪಟ್ಟಿ ಇಸಿದುಕೊಂಡು ಎರಡನ್ನೂ ಮಗ್ಗುಲಿಗೆ ಮಗ್ಗುಲು ಇಟ್ಟಳು. “ದೊಡ್ಡ ಅಕ್ಷರದಾಗ ಇರೂದು ಕಂಪನಿಯವ್ರು ಇಟ್ಟ ಹೆಸರು. ಅದರ ಕೆಳಗ ಸಣ್ಣಾಗಿ ಇರೂದು ಔಷಧದ ಹೆಸರು. ಓದ್ರಿ. ಎರಡರಾಗೂ ಟೆಲ್ಮಿಸಾರ್ಟನ್, ಮುಂದ ನಲವತ್ತು. ಔಷಧದ ಹೆಸರೂ ಅದ, ಅಂಕಿನೂ ಅದ. ಜಾಹೀರಾತಿನ ಖರ್ಚು, ಹೆಸರಿನ ಖರ್ಚು ಇಲ್ಲಿ ಇಲ್ಲ, ಅದಕ್ಕ ಅಗ್ಗ. ಇಷ್ಟ ಮತ್ತ. ಆದ್ರ ಡಾಕ್ಟರ್ನ ಕೇಳದ ಬದಲಿ ಮಾಡಬ್ಯಾಡ್ರಿ. ಅರ್ಧಾ ಅಂತೂ ಮಾಡಬ್ಯಾಡ್ರಿ.”

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ನನ್ನ ರೊಟ್ಟಿಯನ್ನೇ ಸ್ಟೇಷನ್ ರೋಡಿನ ಒಂದು ಅಂಗಡಿಯವನು ಬಣ್ಣದ ಕಾಗದ ಸುತ್ತಿ ತನ್ನ ಹೆಸರು ಹಾಕಿ ದುಪ್ಪಟ್ಟು ದರಕ್ಕೆ ಮಾರುತ್ತಾನೆ. ಅದನ್ನು ಕೊಂಡವರು ‘ಆಹಾ, ಇದು ಬ್ಯಾರೆ ರುಚಿ’ ಅನ್ನುತ್ತಾರೆ. ನಾನೂ ಲಾಲಬಿಯೂ ಎಷ್ಟು ಸಲ ಆ ಮಾತಿಗೆ ನಕ್ಕಿಲ್ಲ. ಹೊನ್ನೇಶನ ಒಂದು ಪಟ್ಟಿಯ ದುಡ್ಡಿನಲ್ಲಿ ಇಲ್ಲಿ ಐದು ಪಟ್ಟಿ ಬರುತ್ತಿತ್ತು. ಅರ್ಧ ಮಾಡುವ ಮಾತಿರಲಿ, ಇಡೀ ಗುಳಿಗೆ ನುಂಗಿಯೂ ಕೈಯಲ್ಲಿ ದುಡ್ಡು ಉಳಿಯುತ್ತಿತ್ತು. ಫಕೀರೇಶನ ಕೈ ಉಳಿಯುತ್ತಿತ್ತು. ಅಲ್ಲಿಯತನಕ ನನಗೆ ದುಃಖವಿತ್ತು. ಆ ಕಟ್ಟೆಯ ಮೇಲೆ ಅದು ಸಿಟ್ಟಾಯಿತು.

ಆದರೂ ನ್ಯಾಯ ಬಿಡಬಾರದಲ್ಲ. ಹೊನ್ನೇಶನಿಗೂ ಗೊತ್ತಿಲ್ಲದೆ ಹೇಳಿರಬಹುದು, ಯಾರೋ ಅವನ ತಲೆಗೂ ಹಾಗೇ ತುಂಬಿರಬಹುದು ಎಂದು ನನ್ನ ಮನಸ್ಸು ಒಂದು ಸಣ್ಣ ಕಿಂಡಿ ಇಟ್ಟುಕೊಂಡಿತ್ತು. ಆ ಕಿಂಡಿಯನ್ನು ಮುಚ್ಚಿದವಳು ಅವನ ತಾಯಿಯೇ.

ಅದು ಎರಡನೆಯ ತಿಂಗಳು. ಕೈನಾತಳ ಅಂಗಡಿಯಲ್ಲಿ ನನಗಿಂತ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಇಳಕಲ್ ಸೀರೆ, ಸೊಂಟಕ್ಕೆ ಎಲೆ ಅಡಿಕೆಯ ಸಂಚಿ. ಕೈನಾತ ಕೊಟ್ಟ ಗುಳಿಗೆಯನ್ನು ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕಕ್ಕೆ ಇಟ್ಟುಕೊಂಡಳು. ನನ್ನ ಗಂಡನದೇ ಗುಳಿಗೆ. ನಾನು ಸುಮ್ಮನಿರಲಾರದೆ, “ಇವು ಛಲೋ ಅದಾವೇನ್ರಿ ಅವ್ವಾ?” ಎಂದೆ.

“ಛಲೋ ಇರದ ಏನ ಬೇ,” ಎಂದಳು ಮುದುಕಿ. “ನನ್ನ ಹಿರೇ ಮಗಂದ ಔಷಧದ ಅಂಗಡಿ ಐತಿ ಬೆಟಗೇರ್ಯಾಗ. ಹೊನ್ನೇಶ ಅಂತ. ಅಂವನ ಹೇಳ್ಯಾನ. ನಮ್ಮ ಅಂಗಡ್ಯಾಗಿನವು ಸುಮ್ಮನ ತುಟ್ಟಿ ಯವ್ವಾ, ಅವು ಮಂದಿಗೆ. ನೀ ಲಕ್ಷ್ಮೇಶ್ವರದಾಗ ತಗೋ, ಔಷಧಾ ಎರಡೂ ಒಂದ ಅಂದ. ಗದಗಿನಾಗ ಬ್ಯಾಡ, ಯಾರರ ನೋಡ್ತಾರ ಅಂತ ಇಲ್ಲಿಗೆ ಕಳಸ್ತಾನ. ಜಾಣ ಅದಾನ ನನ ಮಗಾ.”

ಅವು ಮಂದಿಗೆ. ನಾನು ಆ ಮಾತನ್ನು ಬಸ್ಸಿನಲ್ಲಿ ಕೂತು ಎಷ್ಟು ಸಲ ಹಲ್ಲಲ್ಲಿ ಅಗಿದೆನೋ. ಮಂದಿ ಎಂದರೆ ನಾನು. ಮಂದಿ ಎಂದರೆ ಫಕೀರೇಶ. ಮಂದಿಯ ಕೈ ಬಿದ್ದರೇನು, ಬಾಯಿ ಸೊಟ್ಟಗಾದರೇನು. ಮಾರನೆಯ ದಿನ ರೊಟ್ಟಿ ಬಡಿಯುವಾಗ ಲಾಲಬಿ ನನ್ನ ಕೈ ಹಿಡಿದಳು. “ಅಮೃತಾ, ರೊಟ್ಟಿ ಬಡ್ಯಾಕತ್ತಿಯೋ, ಯಾರನ್ನರ ಹೊಡ್ಯಾಕತ್ತಿಯೋ?” ನಾನು ಎಲ್ಲವನ್ನೂ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಹಣೆ ಹಿಡಿದುಕೊಂಡಳು. ಅವಳ ಅಣ್ಣನೂ ಅದೇ ಅಂಗಡಿಯ ಗಿರಾಕಿ.

“ಹೋಗಿ ಕೇಳೂನು ನಡಿ,” ಎಂದಳು.

“ಈಗ ಕೇಳಿದ್ರ ಇಲ್ಲಂತಾನ. ಅಂವಗ ಇಲ್ಲ ಅನ್ನಾಕ ಬರಬಾರದು, ಹೌದು ಅನ್ನಾಕೂ ಬರಬಾರದು. ಅಂಥಲ್ಲಿ ನಿಲ್ಲಸಬೇಕು,” ಎಂದೆ.

ನಾನು ಅವಸರ ಮಾಡಲಿಲ್ಲ. ಮುದುಕಿಯ ಹೆಸರು ಸಾವಂತ್ರೆವ್ವ, ಶಿರಹಟ್ಟಿಯಲ್ಲಿ ಕಿರಿಯ ಮಗನ ಮನೆಯಲ್ಲಿದ್ದಳು. ಲಕ್ಷ್ಮೇಶ್ವರಕ್ಕೆ ಹೋದಾಗಲೆಲ್ಲ ಶಿರಹಟ್ಟಿಯ ಬಸ್ಸು ಹಿಡಿದು ಅವಳ ಮನೆಗೆ ಹೋಗಿ ರೊಟ್ಟಿಯ ಗಂಟು ಇಟ್ಟು ಬರತೊಡಗಿದೆ. ಜೊತೆಗೆ ಶೇಂಗಾ ಚಟ್ನಿ. ನಾನು ಬೆಟಗೇರಿಯವಳು, ಹೊನ್ನೇಶನ ಗಿರಾಕಿ ಎಂದಷ್ಟೇ ಹೇಳಿದ್ದೆ. ಅದೇನು ಸುಳ್ಳಲ್ಲ.

“ರೊಕ್ಕಾ ಎಷ್ಟ ಬೇ?” ಎನ್ನುತ್ತಿದ್ದಳು.

“ಮಗಳು ಕೊಟ್ಟದ್ದಕ್ಕ ರೊಕ್ಕಾ ಕೊಡ್ತಾರೇನ್ರಿ ಅವ್ವಾ?”

ಬೆಲ್ಲದಂಥ ಮಾತು. ಹೊನ್ನೇಶನಿಂದಲೇ ಕಲಿತದ್ದು. ಮುದುಕಿ ನನ್ನ ಗಲ್ಲ ಸವರಿ ನೆಟಿಕೆ ಮುರಿಯುತ್ತಿದ್ದಳು. ಹಲ್ಲಿಲ್ಲದ ಬಾಯಿ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಅವಳು ಒಳ್ಳೆಯವಳು. ಒಳ್ಳೆಯವಳಾದಷ್ಟೂ ನನ್ನ ಕೆಲಸಕ್ಕೆ ಒಳ್ಳೆಯದು ಎಂದು ನಾನು ಅಂದುಕೊಂಡೆ. ಅವಳು ಗುಳಿಗೆ ತೆಗೆದುಕೊಳ್ಳುವುದು ದೀಪ ಹಚ್ಚುವ ಹೊತ್ತಿಗೆ. ದೀಪ ಹಚ್ಚಿ, ಕೈ ಮುಗಿದು, ಸಂಚಿ ಬಿಚ್ಚಿ, ಗುಳಿಗೆ ನುಂಗಿ, ಆಮೇಲೆ ಎಲೆ. ಎಲ್ಲಿದ್ದರೂ ಅದು ತಪ್ಪುವುದಿಲ್ಲ. ಮತ್ತು ಪ್ರತಿ ವರ್ಷ ದೀಪಾವಳಿ ಪಾಡ್ಯದ ದಿನ ಮಗನ ಅಂಗಡಿ ಪೂಜೆಯಲ್ಲಿ ಮೊದಲ ದೀಪ ಹಚ್ಚುವವಳು ಅವಳೇ. ಇದನ್ನು ಕೇಳಿದ ದಿನ ನಾನು ಅವಳಿಗೆ ಎರಡು ರೊಟ್ಟಿ ಹೆಚ್ಚಿಗೆ ಕೊಟ್ಟೆ.

ನಮ್ಮ ಕಡೆ ಅಂಗಡಿ ಪೂಜೆಗೆ ಖಾಯಂ ಗಿರಾಕಿಗಳನ್ನೆಲ್ಲ ಕರೆಯುತ್ತಾರೆ. ಹೋದವರು ಲಕ್ಷ್ಮಿಗೆ ಕೈ ಮುಗಿದು, ಮಾಲಕನ ಕೈಯಿಂದ ಎಲೆ ಅಡಿಕೆ ಮತ್ತು ಪೇಡೆ ಇಸಿದುಕೊಂಡು ಬರಬೇಕು. ಎಲೆ ಅಡಿಕೆ ಇಸಿದುಕೊಂಡರೆ ಇನ್ನೊಂದು ವರ್ಷ ನಿನ್ನ ಅಂಗಡಿಗೇ ಬರುತ್ತೇನೆ ಎಂದಂತೆ. ಇಸಿದುಕೊಳ್ಳದೆ ಬಂದರೆ ನಿನ್ನದೂ ನನ್ನದೂ ಮುಗಿಯಿತು ಎಂದಂತೆ. ಬಾಕಿ ಉಳಿಸಿಕೊಂಡ ಜಗಳಗಂಟನೂ ಆ ಒಂದು ದಿನ ಇಸಿದುಕೊಂಡೇ ಬರುತ್ತಾನೆ.

ಪಾಡ್ಯದ ಸಂಜೆ ಹೊನ್ನೇಶನ ಅಂಗಡಿಗೆ ಕಬ್ಬು, ಬಾಳೆಗಿಡ ಕಟ್ಟಿದ್ದರು. ಗುಳಿಗೆಯ ಕಪಾಟುಗಳಿಗೆಲ್ಲ ಚೆಂಡುಹೂವಿನ ಮಾಲೆ. ಓಣಿಯ ಅರ್ಧ ಮಂದಿ, ಹಳ್ಳಿಗಳಿಂದ ಬಂದವರು, ಎಲ್ಲ ಮೆಟ್ಟಿಲ ಕೆಳಗಿನತನಕ ನಿಂತಿದ್ದರು. ಹೊನ್ನೇಶ ಹೊಸ ಅಂಗಿ ಹಾಕಿ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಕಂಡು, “ಬರ್ರಿ ಅಮೃತಕ್ಕಾ. ಅಣ್ಣಾರು ಹೆಂಗದಾರ್ರಿ?” ಎಂದ. ಈಗೀಗ ನಾನು ಗುಳಿಗೆಗೆ ಬರುತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಆದರೂ ಕೇಳಿದ. “ನೀವು ಇಟ್ಟಂಗ ಅದಾರಪಾ,” ಎಂದು ಒಳಗೆ ಹೋದೆ.

ಸಾವಂತ್ರೆವ್ವ ಲಕ್ಷ್ಮಿಯ ಫೋಟೋದ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು, ಕರೆತಂದ ಕಿರಿಯ ಮಗ ಹಿಂದೆ ನಿಂತಿದ್ದ. ನನ್ನನ್ನು ನೋಡಿ ಮುಖ ಅರಳಿಸಿ, “ನನ್ನ ರೊಟ್ಟಿ ಮಗಳು ಬಂದ್ಲು ನೋಡ್ರಿ,” ಎಂದಳು. ಹೊನ್ನೇಶ ತಿರುಗಿ ನೋಡಿದ. ಅವನಿಗೆ ನಮ್ಮ ಗುರುತು ಹೇಗೆಂದು ತಿಳಿಯಲಿಲ್ಲ. ಕೇಳುವಷ್ಟು ಹೊತ್ತು ಇರಲಿಲ್ಲ.

ಮುದುಕಿ ದೀಪ ಹಚ್ಚಿದಳು. ಆರತಿ ಆಯಿತು. ಎಲ್ಲರೂ ಕೈ ಮುಗಿದರು. ಹೊನ್ನೇಶ ಎಲೆ ಅಡಿಕೆಯ ದೊಡ್ಡ ತಾಟು ಎತ್ತಿಕೊಂಡ. ಆಗ ಸಾವಂತ್ರೆವ್ವ ಸೊಂಟದ ಸಂಚಿ ಬಿಚ್ಚಿ ಗುಳಿಗೆಯ ಪಟ್ಟಿ ಹೊರಗೆ ತೆಗೆದಳು. ಸೂರ್ಯ ಮುಳುಗುವುದು ತಪ್ಪೀತು, ಅವಳದು ತಪ್ಪಲಿಕ್ಕಿಲ್ಲ.

“ಅವ್ವಾರ, ಅದು ಯಾವ ಅಂಗಡಿ ಗುಳಿಗಿರಿ?” ಎಂದೆ. ನನ್ನ ದನಿ ದೊಡ್ಡದು. ರೊಟ್ಟಿ ಮಾರುವವಳ ದನಿ.

“ನಿನಗ ಗೊತ್ತಿಲ್ಲೇನ ಬೇ? ಲಕ್ಷ್ಮೇಶ್ವರದ ಅಗ್ಗದ ಅಂಗಡೀವು.”

“ಇಷ್ಟು ದೊಡ್ಡ ಅಂಗಡಿ ಮಗಂದ ಇರಬೇಕಾದ್ರ ಅಲ್ಲಿಂದ ಯಾಕ್ರಿ?”

“ಅಂವನ ಹೇಳ್ಯಾನ. ಔಷಧಾ ಎರಡೂ ಒಂದ, ಸುಮ್ಮನ ಯಾಕ ತುಟ್ಟಿ ಅಂತ.”

ಹರ್ತಿಯಿಂದ ಬಂದ ಒಬ್ಬ ರೈತ, ಕೈಯಲ್ಲಿ ಹೊನ್ನೇಶನ ಅಂಗಡಿಯ ಚೀಲ ಹಿಡಿದಿದ್ದವನು, ಅದನ್ನು ಒಮ್ಮೆ ನೋಡಿದ, ಮುದುಕಿಯ ಕೈಯನ್ನೊಮ್ಮೆ ನೋಡಿದ.

“ಹೊನ್ನೇಶ,” ಎಂದೆ. “ಇದ ಗುಳಿಗಿಗೆ ನೀ ನನಗ ಸುಣ್ಣದ ಉಂಡಿ ಅಂದಿದ್ದಿ. ಇಲ್ಲೇ, ಈ ಮಂದಿ ಮುಂದ. ಅದಕ್ಕ ನಿನ್ನ ತುಟ್ಟಿ ಗುಳಿಗಿ ಅಡಕೊತ್ತಿನಾಗ ಅರ್ಧಾ ಮಾಡಿ ತಿಂದು ನನ್ನ ಗಂಡ ಹಾಸಿಗಿ ಹಿಡದಾನ. ಈಗ ಹೇಳು. ಇದು ಔಷಧಾ ಇದ್ರ ನೀ ನಮಗೆಲ್ಲ ಸುಳ್ಳ ಹೇಳಿದಿ. ಇದು ಸುಣ್ಣಾ ಇದ್ರ ಹೆತ್ತ ತಾಯಿಗೆ ಸುಣ್ಣಾ ತಿನಸಾಕತ್ತಿ. ತಾಯಿ ಜೀವಾ ಬೇಕೋ, ಅಂಗಡಿ ಬೇಕೋ, ನೀನ ಹೇಳು.”

ಎಷ್ಟು ತಿಂಗಳಿಂದ ಆ ಮಾತನ್ನು ನಾನು ಒಲೆಯ ಮುಂದೆ ಕೂತು ನಾದಿದ್ದೆನೋ, ಒಂದಕ್ಷರ ತಪ್ಪಲಿಲ್ಲ. ಹೊನ್ನೇಶ ಎತ್ತಿದ ತಾಟನ್ನು ಯಾರ ಮುಂದೆಯೂ ಹಿಡಿಯಲಾರದೆ ನಿಂತದ್ದನ್ನು ನೋಡಿ ನನಗೆ ಆದ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಅವನು ಮಂದಿಯನ್ನು ನೋಡಿದ. ತಾಯಿಯನ್ನು ನೋಡಲಿಲ್ಲ.

“ನಾ ಎಲ್ಲಿ ಹೇಳೀನ್ರಿ,” ಎಂದು ನಗಲು ನೋಡಿದ. “ಅವ್ವಗ ವಯಸ್ಸಾಗೇತಿ. ಏನೇನೋ ಅಂತಾಳ. ತಾನ ಹೋಗಿ ತಗೊಂಡಾಳ, ನನಗ ಗೊತ್ತಿಲ್ಲ.”

ಸಾವಂತ್ರೆವ್ವ ಮಗನ ಕಡೆ ಕತ್ತೆತ್ತಿದಳು. “ನೀ ಹೇಳಿಲ್ಲೇನೋ?”

“ಇಲ್ಲ ಯವ್ವಾ.”

“ಹಂಗಾದ್ರ ಇವು ಸುಣ್ಣೇನು?”

ಅವನ ಹಿಂದೆ ಕಪಾಟುಗಳ ತುಂಬ ಹೂಮಾಲೆ ಹಾಕಿಕೊಂಡ ಸರಕು ಕೂತಿತ್ತು. “ಅಗ್ಗದ್ದು ಅಗ್ಗದ್ದ, ಅವ್ವಾ,” ಎಂದ.

ಮುದುಕಿ ಗುಳಿಗೆಯ ಪಟ್ಟಿಯನ್ನು ಲಕ್ಷ್ಮಿಯ ಮುಂದೆ ಇಟ್ಟು, ಸಂಚಿ ಕಟ್ಟಿ, ಕಿರಿಯ ಮಗನ ಹೆಗಲು ಹಿಡಿದು ಎದ್ದಳು. “ನಡೀಪಾ, ಊರಿಗೆ ಹೋಗೂನು,” ಎಂದಳು. ನನ್ನ ಪಕ್ಕದಲ್ಲೇ ಹಾದು ಹೋದಳು. ನಾನು ಅವಳ ಮುಖ ನೋಡಲಿಲ್ಲ. ನನ್ನ ಕಣ್ಣೆಲ್ಲ ಹೊನ್ನೇಶನ ಮೇಲಿತ್ತು.

ನನ್ನ ಜೊತೆ ಬಂದಿದ್ದ ಲಾಲಬಿ ಮೊದಲು ಹೊರಟಳು. ಅವನು ಚಾಚಿದ ತಾಟನ್ನು ನೋಡಿಯೂ ನೋಡದಂತೆ ಮೆಟ್ಟಿಲಿಳಿದಳು. ಹರ್ತಿಯ ರೈತ ತನ್ನ ಚೀಲವನ್ನು ಕಟ್ಟೆಯ ಮೇಲಿಟ್ಟು ಹೋದ. ಒಬ್ಬರ ಹಿಂದೆ ಒಬ್ಬರು. ಬೈಗುಳವಿಲ್ಲ, ಗದ್ದಲವಿಲ್ಲ, ಚಪ್ಪಲಿಯ ಸಪ್ಪಳ ಅಷ್ಟೇ. ನಾನು ಕೊನೆಯಲ್ಲಿ ಹೊರಟೆ. ತಾಟಿನಲ್ಲಿ ಎಲೆ ಅಡಿಕೆ ಹಾಗೇ ಇತ್ತು.

ಮನೆಗೆ ಬಂದು ಫಕೀರೇಶನ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಹೊನ್ನೇಶನ ಮುಖ ಹೇಗಾಯಿತು ಎಂಬುದನ್ನು ಎರಡು ಸಲ ಮಾಡಿ ತೋರಿಸಿದೆ. ಅವನು ನಗುತ್ತಾನೆ ಎಂದು ಕಾದೆ. ಬಾಯಿಯ ಮೂಲೆ ಅಲುಗಿತು.

“ಮು... ಮುದುಕಿ,” ಎಂದ. “ಗುಳಿಗಿ... ತಗೊಂಡ್ಳ?”

“ಯಾರಿಗ್ಗೊತ್ತು,” ಎಂದೆ. “ನಿನ್ನ ಗುಳಿಗಿ ಬಗ್ಗೆ ಅವರ ಮನ್ಯಾಗ ಯಾರರ ಕೇಳಿದ್ರೇನು?”

ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಸರಿಸಿ ಇಟ್ಟುಕೊಂಡ. ಮತ್ತೆ ಕೇಳಲಿಲ್ಲ. ನನಗೆ ಸಿಟ್ಟು ಬಂತು. ಗೆದ್ದು ಬಂದವಳಿಗೆ ಕೇಳುವ ಮಾತೇ ಅದು?

ವಾರ ಕಳೆಯಿತು. ಹೊನ್ನೇಶನ ಅಂಗಡಿಯ ಮುಂದೆ ನಾಯಿ ಮಲಗುವಷ್ಟು ಜಾಗ ಆಗಿದೆ ಎಂದು ಲಾಲಬಿ ಬಂದು ಹೇಳಿದಳು. ನಾನು ಬೇಕೆಂದೇ ಆ ದಾರಿಯಲ್ಲಿ ಓಡಾಡಿದೆ. ಆದರೂ ಅವನು ಆ ಮಾತು ಹೇಳಿರಲಿಲ್ಲ. ಅದಿನ್ನೂ ನನ್ನೊಳಗೆ ಬಾಕಿ ಇತ್ತು. ಲಕ್ಷ್ಮೇಶ್ವರಕ್ಕೆ ಹೋದಾಗ ಕೈನಾತ ನನ್ನನ್ನು ಕಂಡೊಡನೆ ಕೇಳಿದಳು.

“ಸಾವಂತ್ರೆವ್ವಾರು ಎಲ್ಲ್ಯದಾರ್ರಿ? ಹಬ್ಬ ಆದಮ್ಯಾಲೆ ಬಂದ ಇಲ್ಲ. ಅವರ ಕಡೆ ಗುಳಿಗಿ ಇರಬೇಕಲ್ಲ ಮತ್ತ?”

ಇರಲಿಲ್ಲ. ಲಕ್ಷ್ಮಿಯ ಮುಂದೆ ಇಟ್ಟುಬಂದಿದ್ದಳು. ಮುದುಕಿಯ ಚೀಟಿಯ ಫೋಟೋ ಕೈನಾತಳ ಬಳಿ ಇತ್ತು. ಒಂದು ಪಟ್ಟಿ ತೆಗೆಸಿಕೊಂಡು ಶಿರಹಟ್ಟಿಯ ಬಸ್ಸು ಹತ್ತಿದೆ.

ಮನೆಯ ಕಟ್ಟೆಯ ಮೇಲೆ ಹೊನ್ನೇಶ ಕೂತಿದ್ದ. ಗಡ್ಡ ಬಂದಿತ್ತು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಗುಳಿಗೆಯ ಎರಡು ಪಟ್ಟಿ, ಒಂದು ತನ್ನ ಅಂಗಡಿಯದು, ಒಂದು ಅಗ್ಗದ್ದು. ಬಾಗಿಲ ಒಳಗೆ ಸಾವಂತ್ರೆವ್ವ ಗೋಡೆಗೆ ಒರಗಿದ್ದಳು. ಮುಖ ಕೆಂಪಗೆ ಊದಿತ್ತು. ಓಣಿಯ ನಾಲ್ಕು ಹೆಂಗಸರು ಅಂಗಳದಲ್ಲಿ ನಿಂತಿದ್ದರು. ಪಾಡ್ಯದಿಂದ ಅವಳು ಒಂದು ಗುಳಿಗೆಯನ್ನೂ ಮುಟ್ಟಿಲ್ಲವೆಂದು ಅವಳ ಸೊಸೆ ಹೇಳಿದಳು.

“ನನ್ನ ಮುಂದ ಒಂದ ಹೇಳ್ತಾನ, ಮಂದಿ ಮುಂದ ಒಂದ ಹೇಳ್ತಾನ,” ಎಂದಳು ಮುದುಕಿ. ತಲೆ ಹಿಡಿದುಕೊಂಡೇ ಮಾತಾಡುತ್ತಿದ್ದಳು. “ಯಾವುದು ಸುಣ್ಣ, ಯಾವುದು ಔಷಧ ನನಗೇನ ತಿಳಿತೈತಿ? ಅಂವಗ ತಿಳಿದಿತ್ತು. ಅಂವಾ ಅವತ್ತ ಹೇಳಲಿಲ್ಲ.”

ಹೊನ್ನೇಶ ಎದ್ದು ನನ್ನ ಹತ್ತಿರ ಬಂದ. “ಅಮೃತಕ್ಕಾ, ನೀವರ ಹೇಳ್ರಿ. ನನ್ನ ಮಾತು ನಂಬವಲ್ಲಳು. ಇದು ಸುಣ್ಣಲ್ಲ ಅಂತ ನೀವ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಯಾವ ಬಾಯಿ ನನಗೆ ಸುಣ್ಣ ಎಂದಿತ್ತೋ ಅದೇ ಬಾಯಿ. ನಾನು ಸುಮ್ಮನೆ ನಿಂತೆ. ಸುಮ್ಮನಿದ್ದರೆ ಸಾಕಿತ್ತು. ಇನ್ನೆರಡು ದಿನ ಸುಮ್ಮನಿದ್ದರೆ ಇವನ ಮನೆಯಲ್ಲೂ ಒಂದು ಕೈ ತೊಡೆಯ ಮೇಲೆ ಬೀಳುತ್ತದೆ, ಇವನ ಮನೆಯಲ್ಲೂ ಮಾತು ಅರ್ಧರ್ಧ ಬರುತ್ತದೆ, ಆಗ ಇವನಿಗೆ ಗೊತ್ತಾಗುತ್ತದೆ. ಒಂದು ಕ್ಷಣ ನಾನು ಅದನ್ನೇ ಬಯಸಿದೆ. ಮನಸ್ಸು ತುಂಬಿ ಬಯಸಿದೆ. ಆದರೆ ಗೋಡೆಗೆ ಒರಗಿ ಕೂತವಳು ಹ್ಯಾಗೆ ನೋಡಿದರೂ ಹೊನ್ನೇಶನ ಹಾಗೆ ಕಾಣಲಿಲ್ಲ. ಫಕೀರೇಶನ ಹಾಗೆ ಕಂಡಳು. ಅವನಂತೆಯೇ ಒಬ್ಬನ ಮಾತು ನಂಬಿ ಕೆಟ್ಟವಳು. ಮುದುಕಿ ಗುಳಿಗಿ ತಗೊಂಡ್ಳ ಎಂದು ಅವನು ಕೇಳಿದ್ದು ಆ ಹೊತ್ತಿಗೆ ನನ್ನ ತಲೆಯೊಳಗೆ ಹೊಕ್ಕಿತು.

ಆದರೂ ನನ್ನ ಬಾಕಿ ನಾನು ಬಿಡಲಿಲ್ಲ.

“ಮೊದಲ ನೀ ಹೇಳು,” ಎಂದೆ. “ಇವರೆಲ್ಲಾ ಕೇಳಲಿ.”

ಅವನು ಅಂಗಳದ ಹೆಂಗಸರನ್ನು ನೋಡಿದ. “ಸುಳ್ಳ ಹೇಳಿದ್ದೆ,” ಎಂದ, ನೆಲಕ್ಕೆ.

“ಕೇಳಸಲಿಲ್ಲ.”

“ನಾ ಸುಳ್ಳ ಹೇಳಿದ್ದೆ. ಅದು ಸುಣ್ಣಲ್ಲ. ಅಗ್ಗದ್ದೂ ಅದ ಔಷಧ. ನನ್ನ ಲಾಭಕ್ಕ ಸುಳ್ಳ ಹೇಳಿದ್ದೆ. ನಿಮಗೂ ಹೇಳಿದೆ, ಎಲ್ಲಾರಿಗೂ ಹೇಳಿದೆ. ನಮ್ಮವ್ವಗ ಅಗ್ಗದ್ದ ತಗೋ ಅಂತ ಹೇಳಿದಾಂವ ನಾನ.”

ಇಷ್ಟು ದಿನ ಕಾದ ಮಾತು. ಕಿವಿ ತುಂಬ ಕೇಳಿದೆ. ತಂಪಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಫಕೀರೇಶನ ಕೈ ಎಲ್ಲಿ ಬಿದ್ದಿತ್ತೋ ಅಲ್ಲೇ ಬಿದ್ದಿರುತ್ತದೆ ಎಂಬುದು ಆ ತಂಪಿನ ಒಳಗೇ ಕೂತಿತ್ತು.

ಸಾವಂತ್ರೆವ್ವ ಮಗನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. “ನೀ ಹೇಳು ಅಮೃತಾ. ತಗೊಳ್ಳೇನು?”

“ತಗೋರಿ ಅವ್ವಾ. ನಮ್ಮ ಮನ್ಯಾಗೂ ಇದ ಗುಳಿಗಿ. ಆದ್ರ ತಗೊಂಡು ಇವತ್ತ ದೊಡ್ಡ ಆಸ್ಪತ್ರಿಗೆ ಹೋಗಿ ಬಿಪಿ ತೋರಿಸ್ರಿ, ತಡಾ ಮಾಡಬ್ಯಾಡ್ರಿ.”

ನಾನು ತಂದ ಪಟ್ಟಿಯಿಂದ ಒಂದು ಗುಳಿಗೆ ಬಿಡಿಸಿ ಅವಳ ಅಂಗೈಗೆ ಹಾಕಿದೆ. ಅವಳು ನೀರಿನ ಲೋಟವನ್ನು ಮಗನ ಕೈಯಿಂದ ಇಸಿದುಕೊಳ್ಳಲಿಲ್ಲ. ಸೊಸೆ ಬೇರೆ ತಂದುಕೊಟ್ಟಳು. ಗುಳಿಗೆ ನುಂಗಿ ಕಣ್ಣು ಮುಚ್ಚಿ ಕೂತಳು. ಹೊನ್ನೇಶ ಗಾಡಿ ತರಲು ಓಡಿದ. ನಾನು ಎಂದಿನಂತೆ ರೊಟ್ಟಿಯ ಗಂಟನ್ನು ಅವಳ ಪಕ್ಕಕ್ಕೆ ಇಟ್ಟೆ.

“ಅಂವನ ಹೊಡ್ಯಾಕ ನನ್ನ ಬಡಿಗಿ ಮಾಡ್ಕೊಂಡಿ,” ಎಂದಳು ಕಣ್ಣು ತೆರೆಯದೆ. “ಈ ರೊಟ್ಟಿ ತಂದು ತಂದು ಕೊಟ್ಟದ್ದು ಅದಕ್ಕನ?”

“ಹೌದ್ರಿ,” ಎಂದೆ.

“ಅಂವಗ ಆಗಬೇಕಾಗಿತ್ತು. ಅದಕ್ಕ ನಾ ಏನೂ ಅನ್ನಂಗಿಲ್ಲ.” ಅವಳು ಸೊಂಟದ ಸಂಚಿ ಬಿಚ್ಚಿದಳು. ಎಲೆಯ ಅಡಿಯಿಂದ ಮಡಿಚಿದ ನೋಟು ತೆಗೆದು ನನ್ನ ಕಡೆ ಚಾಚಿದಳು. “ಮುಂದಿನ ವಾರಾನೂ ರೊಟ್ಟಿ ತಾ. ನಿನ್ನ ರೊಟ್ಟಿ ಛಲೋ ಇರತಾವ. ಮಂದಿಗೆ ಯಾವ ದರಕ್ಕ ಕೊಡ್ತೀ, ಅದ ದರಕ್ಕ ಕೊಡು.”

ನಾನು ನೋಟು ಇಸಿದುಕೊಂಡು ಚಿಲ್ಲರೆ ಕೊಟ್ಟೆ.